ಶೇಷ

ಭಾಗಿಸಿದ ಮೇಲೆ ಮಿಕ್ಕದ್ದು ಶೇಷ. ‘ಉಳಿ’ ಎಂಬ ಅರ್ಥದ ಸಂಸ್ಕೃತ ಧಾತು ‘ಶಿಷ್’ ಇದರ ಮೂಲ. ಅವಶೇಷ, ನಿಶ್ಶೇಷ, ಎಂಜಲೆಂಬ ಅರ್ಥದ ಉಚ್ಛಿಷ್ಟ ಎಲ್ಲವೂ ಇದೇ ಬಳಗದವು. ಪ್ರಳಯದ ಬಳಿಕವೂ ಉಳಿಯುವವನಾದ್ದರಿಂದ ಆದಿಶೇಷನಿಗೆ ಆ ಹೆಸರು ಎನ್ನುವುದುಂಟು. ಅಂಗಡಿಯಲ್ಲಿ, ಮನೆಯಲ್ಲಿ ಮಾತ್ರ ನಾವು ಶೇಷ ಎನ್ನುವುದಿಲ್ಲ. ಉಳಿದದ್ದು, ಮಿಕ್ಕಿದ್ದು, ಇಲ್ಲವೇ ಅರಬ್ಬಿಯಿಂದ ಬಂದ ಬಾಕಿ.

ಶಾಲೆಯ ಪಟ್ಟಿಯಲ್ಲಿ ‘ಲಬ್ಧ ಇಷ್ಟು, ಶೇಷ ಇಷ್ಟು’ ಎಂದು ಬರೆದರೆ ಲೆಕ್ಕ ಮುಗಿಯಿತು. ವ್ಯವಹಾರದಲ್ಲಿ ಅಲ್ಲಿಂದಲೇ ಶುರು. ಮದುವೆ ದಿಬ್ಬಣದ 130 ಜನರಿಗೆ 50 ಸೀಟಿನ ಬಸ್ಸು ಎಷ್ಟು ಬೇಕು? ಲಬ್ಧ 2, ಶೇಷ 30. ಎರಡೇ ಸಾಕೆಂದರೆ ಮೂವತ್ತು ಜನ ರಸ್ತೆಯಲ್ಲಿ (ಅವರಲ್ಲಿ ಸೋದರಮಾವನೂ ಇದ್ದಾನು!). ಹಾಗಾಗಿ ಮೂರು ಬಸ್ಸು. 100 ರೂಪಾಯಿಗೆ 15ರ ಪೆನ್ನು ಆರೇ; ಶೇಷ 10 ಚಿಲ್ಲರೆಯಾಗಿ ಜೇಬಿಗೆ. ಏಳು ಹೋಳಿಗೆ ಇಬ್ಬರಿಗಾದರೆ ಉಳಿದ ಒಂದನ್ನು ಮುರಿಯಬಹುದು. ಇಂದು ಸೋಮವಾರ, ನೂರು ದಿನ ಕಳೆದರೆ ಯಾವ ವಾರ? 7ರಿಂದ ಭಾಗಿಸಿದಾಗ ಬರುವ ಲಬ್ಧ 14 ಯಾರಿಗೂ ಬೇಡ. ಬುಧವಾರವೆಂದು ಹೇಳುವುದು ಶೇಷ 2. ನನಗೆ ಇದೇ ಹೆಚ್ಚು ಸೊಗಸು.

ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದ ಒಂದು ಲೆಕ್ಕದಲ್ಲಿ ಶೇಷ ಉಳಿಯಲೇಬಾರದು. ಒಂದೇ ಸಮನಾದ 63 ಬಾಳೆಹಣ್ಣಿನ ರಾಶಿ, ಮೇಲೆ 7 ಹಣ್ಣು. ಹಂಚಿಕೊಳ್ಳುವವರು 23 ಪ್ರಯಾಣಿಕರು. ರಾಶಿಗೆ ಎಷ್ಟು ಹಣ್ಣಿರಬೇಕು? ಕನಿಷ್ಠ ಉತ್ತರ 5. ಆಗ ತಲೆಗೆ 14 ಹಣ್ಣು.