ಕಲಿಸಲು ಬಂದು ಕಲಿತವರು

ತರಗತಿಯಲ್ಲಿ ಪದವೊಂದರ ಅರ್ಥ ಹೊಳೆಯದೆ ತಡವರಿಸಿದ ದಿನ ನಾನು ಮನೆಗೆ ಬಂದು ಗುಟ್ಟಾಗಿ ಕಿಟ್ಟೆಲರ ನಿಘಂಟನ್ನು ತೆರೆಯುತ್ತಿದ್ದೆ, ತೆರೆದಾಗಲೆಲ್ಲ ನಾಚುತ್ತಿದ್ದೆ. ಕನ್ನಡ ನನಗೆ ತಾಯಿನುಡಿ. ಅವರಿಗೋ ಕಡಲಾಚೆಯ ನುಡಿ.

1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಜರ್ಮನಿಯಿಂದ ಬಂದಾಗ ಫರ್ಡಿನೆಂಡ್ ಕಿಟ್ಟೆಲರಿಗೆ ಇಪ್ಪತ್ತೊಂದು ವರ್ಷ. ಬೋಧಿಸಬಂದವರು ಮೊದಲು ಶಿಷ್ಯರಾಗಬೇಕಾಯಿತು. ಆದರೆ ಕಲಿತಷ್ಟೂ ಹಸಿವು ಹೆಚ್ಚಿತು. ಮತಪ್ರಚಾರಕ್ಕಿಂತ ಈತನಿಗೆ ನುಡಿಯ ಹುಚ್ಚೇ ಹೆಚ್ಚೆಂದು ಸ್ವಂತ ಮಿಷನ್ನಿನಲ್ಲೇ ಅಸಮಾಧಾನ ಹುಟ್ಟಿತು. ಅವರು ಹಟ ಬಿಡಲಿಲ್ಲ. 1862ರಲ್ಲಿ ಕ್ರಿಸ್ತಚರಿತೆಯನ್ನು ಕನ್ನಡ ಛಂದಸ್ಸಿನಲ್ಲೇ ‘ಕಥಾಮಾಲೆ’ಯಾಗಿ ಕಟ್ಟಿದರು, 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು, 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ನಮ್ಮ ಕೈಗಿತ್ತರು.

‘ನನಗೆ ತಿಳಿಯದು’ ಎಂಬ ಮಾತಿನಿಂದ ಇಷ್ಟೆಲ್ಲ ಬೆಳೆಯಿತಲ್ಲ! ಈಗ ನಾನು ಆ ನಿಘಂಟನ್ನು ವಿದ್ಯಾರ್ಥಿಗಳ ಎದುರಿಗೇ ತೆರೆಯುತ್ತೇನೆ.