ಬೀಟೆಯ ಬಾಗಿಲು: ಮೈಸೂರಿನ ಮರಗೆಲಸದ ಕಥೆ

1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಆದ ಅನಾಹುತವದು. ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಈ ಬಾರಿ ಕಲ್ಲು, ಇಟ್ಟಿಗೆ, ಕಬ್ಬಿಣಕ್ಕೆ ಪ್ರಾಧಾನ್ಯ ದೊರೆಯಿತು. ಆದರೂ ಮರ ಹೊರಗುಳಿಯಲಿಲ್ಲ. ದಂತ ಕೂರಿಸಿದ ಬೀಟೆಯ ಬಾಗಿಲನ್ನು ಅಲ್ಲಿ ಇಂದಿಗೂ ನೋಡಬಹುದು. ಕಡಕೊಳದ ವಿದ್ಯಾರ್ಥಿಗಳಿಗಂತೂ ಅದು ನಂಜನಗೂಡು ರಸ್ತೆಯಲ್ಲೇ ಸಿಗುವ ಹತ್ತಿರದ ಪಾಠ.

ಮೇಜು, ಕುರ್ಚಿ, ಬಂದೂಕಿನ ಹಿಡಿಗಳಿಗೆ ಉತ್ತರ ಅಮೆರಿಕದ ಬಡಗಿಗಳು ಕಪ್ಪು ಅಕ್ರೋಟು ಮರವನ್ನು ಮೆಚ್ಚಿದರು. ಕಂದು ಬಣ್ಣದ ಆ ಮರ ಉಳಿಗೆ ಸುಲಭವಾಗಿ ಒಗ್ಗುತ್ತದೆ. ಒಣಗಿದ ಮೇಲೆ ಅದರ ಒಂದು ಘನ ಮೀಟರ್ ಸುಮಾರು 610 ಕಿಲೋ ತೂಗಿದರೆ, ನಮ್ಮ ಬೀಟೆ 830 ಕಿಲೋ ಆಸುಪಾಸಿನಲ್ಲಿರುತ್ತದೆ. ಬೀಟೆಯ ಹೊರಭಾಗದ ಎಳೆಮರ ಮಾಸಲು ಹಳದಿ. ಒಳಗಿನ ಚೇಗು ಮಾತ್ರ ನೇರಳೆ ಮಿಶ್ರಿತ ಕಂದು. ಕುಶಲಕರ್ಮಿಗೆ ಬೇಕಾದುದು ಈ ಚೇಗೇ. ಅದು ಬಲಿಯಲು ದಶಕಗಳೇ ಬೇಕು.

ಕೂರಿಸುವ ಕೆಲಸದ ಕ್ರಮ ಹೀಗಿದೆ: ಮೊದಲು ಕಾಗದದ ಮೇಲೆ ಚಿತ್ರ ಬರೆದು, ಅದರ ಭಾಗಗಳನ್ನು ಬೇರೆ ಬೇರೆ ಬಣ್ಣದ ಮರಗಳಿಂದ ಸಣ್ಣ ಗರಗಸದಲ್ಲಿ ಕತ್ತರಿಸುತ್ತಾರೆ. ಹಳದಿಗೆ ಹಲಸು, ಕಪ್ಪಿಗೆ ಕರಿಮರ. ಬೀಟೆಯ ಹಲಗೆಯಲ್ಲಿ ಅಷ್ಟೇ ಅಳತೆಯ ತಗ್ಗು ತೋಡಿ, ಅಂಟು ಹಚ್ಚಿ ಕೂರಿಸಿ, ಉಜ್ಜಿ ನಯಗೊಳಿಸುತ್ತಾರೆ. ಬಣ್ಣ ಬಳಿದದ್ದಲ್ಲ, ಮರದ್ದೇ.

ಹಿಂದೆ ಬಿಳುಪಿಗೆ ದಂತವೇ ಆಧಾರವಾಗಿತ್ತು. ಏಷ್ಯಾದ ಆನೆಗಳಲ್ಲಿ ದೊಡ್ಡ ದಂತವಿರುವುದು ಗಂಡುಗಳಿಗೆ ಮಾತ್ರ. ಬೇಟೆಗೆ ಅವೇ ಬಲಿಯಾದುದರಿಂದ ಹಲವು ಕಾಡುಗಳಲ್ಲಿ ಗಂಡು ಹೆಣ್ಣುಗಳ ಪ್ರಮಾಣವೇ ಏರುಪೇರಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ಆದ ತಿದ್ದುಪಡಿ ಭಾರತೀಯ ದಂತದ ವ್ಯಾಪಾರವನ್ನು ನಿಲ್ಲಿಸಿತು. 1991ರದು ಆಫ್ರಿಕಾದಿಂದ ಬಂದ ದಂತಕ್ಕೂ ಅನ್ವಯಿಸಿತು. ಕುಶಲಕರ್ಮಿಗಳು ಬಿಳಿ ಪ್ಲಾಸ್ಟಿಕ್ಕಿಗೂ ತಿಳಿಬಣ್ಣದ ಮರಗಳಿಗೂ ಹೊರಳಿದರು. ದಂತವಿಲ್ಲದೆಯೂ ಕಸುಬು ಉಳಿಯಿತು. 'ಮೈಸೂರು ರೋಸ್‌ವುಡ್ ಇನ್‌ಲೇ' ಎಂಬ ಹೆಸರಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು.

ಈಗಿನ ಪ್ರಶ್ನೆ ಇನ್ನೂ ಕಠಿಣ. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಅಂತಾರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟಿದೆ. ದಂತಕ್ಕೆ ಬದಲಿ ಸಿಕ್ಕಿತು; ಹಲಗೆಯೇ ಬೀಟೆಯಾಗಿರುವಾಗ ಅದಕ್ಕೆ ಬದಲಿ ಯಾವುದು? ನಿಯಂತ್ರಣ ಸಡಿಲಾದರೆ ಕಾಡಿನ ಮರ ಉಳಿಯದು. ಮರ ಉಳಿಯದಿದ್ದರೆ ಕಸುಬೂ ಇಲ್ಲ. ಆದ್ದರಿಂದ ಬೀಟೆಯನ್ನು ನೆಟ್ಟು ಬೆಳೆಸುವುದು ಅರಣ್ಯದ ಕೆಲಸವಷ್ಟೇ ಅಲ್ಲ, ಕಲೆಯ ಕೆಲಸವೂ ಹೌದು. ಅರಮನೆಗೆ ಹೋದಾಗ ಆ ಬಾಗಿಲ ಮುಂದೆ ನಿಂತು, ಅದರಲ್ಲಿ ಕಾಡಿನಿಂದ ಬಂದುದು ಎಷ್ಟು, ಕೈಯಿಂದ ಬಂದುದು ಎಷ್ಟು ಎಂದು ಗಮನಿಸಿ ನೋಡಿರಿ.