ವಿಮಾನದೊಳಗಿನ ಗಾಳಿ ಶುಚಿಯಾದ ಕಥೆ

ವಿಮಾನದಲ್ಲಿ ಪ್ರಯಾಣ ಮಾಡಿದ ಓದುಗರು ಒಂದು ಸಂಗತಿಯನ್ನು ಗಮನಿಸಿರಬಹುದು. ಧೂಮಪಾನ ನಿಷಿದ್ಧವೆಂಬ ಎಚ್ಚರಿಕೆ ಆಸನದ ಮೇಲ್ಗಡೆ ಇರುತ್ತದೆ. ಧ್ವನಿವರ್ಧಕದಲ್ಲಿಯೂ ಅದನ್ನೇ ಹೇಳುತ್ತಾರೆ. ಆದರೆ ಶೌಚಾಲಯದ ಬಾಗಿಲಿನಲ್ಲಿ ಮಾತ್ರ ಒಂದು ಪುಟ್ಟ ಆಷ್‌ಟ್ರೇ ಇದ್ದೇ ಇರುತ್ತದೆ. ನನ್ನ ಮೊಮ್ಮಗಳು ಅದನ್ನು ಕಂಡು, "ತಾತ, ಸೇದಬಾರದು ಅಂತ ಬರೆದು ಆಷ್‌ಟ್ರೇ ಯಾಕೆ ಇಟ್ಟಿದ್ದಾರೆ?" ಎಂದು ಕೇಳಿದಳು. ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವನಿಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಓದುತ್ತಾ ಹೋದೆ. ಆಷ್‌ಟ್ರೇಯ ಕಾರಣ ಸಿಕ್ಕಿತು. ಅದರ ಜೊತೆಗೆ, ನಾನು ನಿರೀಕ್ಷಿಸಿರದ ಒಂದು ಇತಿಹಾಸವೂ ಸಿಕ್ಕಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ವಿಮಾನದೊಳಕ್ಕೆ ಗಾಳಿ ಬರುವುದಾದರೂ ಹೇಗೆ ಎಂಬುದನ್ನು ನೋಡೋಣ. ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದ ಒತ್ತಡದ ಕಾಲು ಭಾಗದಷ್ಟು ಮಾತ್ರ. ಉಷ್ಣತೆ ಸೊನ್ನೆಗಿಂತ ಐವತ್ತು ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ. ಅಂತಹ ಕಡೆ ಮನುಷ್ಯ ಕೆಲವು ನಿಮಿಷಗಳಲ್ಲಿಯೇ ಎಚ್ಚರ ತಪ್ಪುತ್ತಾನೆ. ಆದುದರಿಂದ ವಿಮಾನದ ಒಡಲನ್ನು ಬಿಗಿಯಾಗಿ ಮುಚ್ಚಿ, ಹೊರಗಿನ ತೆಳು ಗಾಳಿಯನ್ನು ಒತ್ತಿ ದಟ್ಟವಾಗಿಸಿ ಒಳಗೆ ತುಂಬಬೇಕಾಗುತ್ತದೆ. ಹೀಗೆ ಒತ್ತಡ ತುಂಬಿದ ಕ್ಯಾಬಿನ್ನಿನೊಡನೆ ಪ್ರಯಾಣಿಕರ ಸೇವೆಗೆ ಬಂದ ಮೊದಲ ವಿಮಾನ ಬೋಯಿಂಗ್ 307 ಸ್ಟ್ರಾಟೋಲೈನರ್. ಬಂದ ವರ್ಷ 1940. ಇಂದಿಗೂ ಬಹುಪಾಲು ವಿಮಾನಗಳಲ್ಲಿ ಕ್ಯಾಬಿನ್ನಿನ ಒತ್ತಡ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುತ್ತಾರೆ. ನಮ್ಮ ಮುಳ್ಳಯ್ಯನಗಿರಿಗಿಂತ ಹೆಚ್ಚು, ನೀಲಗಿರಿಯ ದೊಡ್ಡಬೆಟ್ಟಕ್ಕಿಂತ ತುಸು ಕಡಿಮೆ ಎತ್ತರ ಅದು.

ಜೆಟ್ ಎಂಜಿನ್ನಿನಲ್ಲಿ ಇಂಧನದೊಡನೆ ಉರಿಯುವ ಮೊದಲೇ ಗಾಳಿಯನ್ನು ಬಲವಾಗಿ ಒತ್ತಲಾಗುತ್ತದೆ. ಹೀಗೆ ಒತ್ತಲ್ಪಟ್ಟ ಗಾಳಿಯಲ್ಲಿ ಒಂದು ಪಾಲನ್ನು ಅಲ್ಲಿಂದಲೇ ಕವಲಾಗಿ ತೆಗೆದು, ತಣಿಸಿ, ಪ್ರಯಾಣಿಕರ ಉಸಿರಿಗೆ ಕಳುಹಿಸುತ್ತಾರೆ. ಅದು ತಲೆಯ ಮೇಲಿನಿಂದ ಇಳಿದು, ಕಾಲ ಬಳಿಯ ಜಾಲರಿಗಳ ಮೂಲಕ ಹೊರಟು, ಕೊನೆಗೆ ಒಂದು ಕವಾಟದಿಂದ ಆಕಾಶಕ್ಕೆ ಸೇರುತ್ತದೆ. ವಿಮಾನದಲ್ಲಿ ಕಿಟಕಿ ತೆರೆಯುವಂತಿಲ್ಲ. ಈ ವ್ಯವಸ್ಥೆ ಏನನ್ನು ಕೊಡುತ್ತದೆಯೋ ಅದನ್ನೇ ಉಸಿರಾಡಬೇಕು.

ಇಂತಹ ಮುಚ್ಚಿದ ಕೊಳವೆಯಲ್ಲಿ ಕೂತು ಜನ ದಶಕಗಳ ಕಾಲ ಸಿಗರೇಟು ಸೇದಿದರು ಎಂಬುದು ಇಂದಿನ ಮಕ್ಕಳಿಗೆ ಕಟ್ಟುಕಥೆಯಂತೆ ತೋರೀತು. ಪ್ರತಿ ಆಸನದ ತೋಳಿನಲ್ಲಿಯೂ ಆಷ್‌ಟ್ರೇ ಇತ್ತು. ಅಮೆರಿಕದ ಕೆಲವು ವಿಮಾನಗಳಲ್ಲಿ ಊಟದ ತಟ್ಟೆಯೊಡನೆ ಸಿಗರೇಟಿನ ಪುಟ್ಟ ಪ್ಯಾಕನ್ನೂ ಉಚಿತವಾಗಿ ಕೊಡುತ್ತಿದ್ದರು. 1969ರಲ್ಲಿ ಗ್ರಾಹಕ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್ ಇದನ್ನು ನಿಲ್ಲಿಸಬೇಕೆಂದು ಸರಕಾರಕ್ಕೆ ಅರ್ಜಿ ಸಲ್ಲಿಸಿದರು. 1973ರಲ್ಲಿ ಅಲ್ಲಿನ ನಾಗರಿಕ ವಿಮಾನಯಾನ ಮಂಡಳಿಯು ಸೇದುವವರಿಗೂ ಸೇದದವರಿಗೂ ಬೇರೆ ಬೇರೆ ಸಾಲುಗಳಿರಬೇಕೆಂದು ಆದೇಶಿಸಿತು. ಇಂತಿಷ್ಟನೆಯ ಸಾಲಿನಿಂದ ಹಿಂದೆ ಹೊಗೆ, ಮುಂದೆ ಶುದ್ಧ ಗಾಳಿ! ಹೊಗೆಗೆ ಅಂಕಿ ಓದಲು ಬರುವುದಿಲ್ಲವೆಂಬುದನ್ನು ಯಾರೂ ಯೋಚಿಸಿದಂತೆ ಕಾಣುವುದಿಲ್ಲ.

ಅದನ್ನು ಹಾಸ್ಯ ಮಾಡುವ ಹಕ್ಕು ನನಗಿಲ್ಲ. ನಾನು ಕೆಲಸ ಮಾಡುತ್ತಿದ್ದ ಶಾಲೆಯ ಸ್ಟಾಫ್ ರೂಮಿನಲ್ಲಿ 1988ರ ಸುಮಾರಿಗೆ ಸಿಗರೇಟು ಸೇದುತ್ತಿದ್ದವರು ನಾಲ್ವರು, ಅವರಲ್ಲಿ ನಾನೊಬ್ಬ. ಹಿಂದಿ ಪಾಠ ಮಾಡುತ್ತಿದ್ದ ಸಹೋದ್ಯೋಗಿಯೊಬ್ಬರು ಒಮ್ಮೆ ಮೆಲ್ಲನೆ, "ಸಾರ್, ನನಗೆ ಉಸಿರು ಕಟ್ಟಿದ ಹಾಗೆ ಆಗುತ್ತೆ" ಎಂದಿದ್ದರು. ನಾವು ಉದಾರಿಗಳಂತೆ ಕಿಟಕಿಯ ಬದಿಯ ಬೆಂಚಿಗೆ ಸರಿದು ಕೂತೆವು. ಅಷ್ಟಕ್ಕೇ ಸಮಸ್ಯೆ ಬಗೆಹರಿಯಿತೆಂದು ತಿಳಿದೆವು. ಕೆಲವು ದಿನಗಳಲ್ಲಿ ಆಕೆ ತಿದ್ದುವ ಪುಸ್ತಕಗಳ ಕಟ್ಟನ್ನು ಎತ್ತಿಕೊಂಡು ಹೊರಗಿನ ಜಗುಲಿಯಲ್ಲಿ ಕೂರತೊಡಗಿದರು. ಯಾಕೆಂದು ನಾವು ಕೇಳಲಿಲ್ಲ.

ವಿಮಾನದಲ್ಲಿ ಎದ್ದು ಹೋಗಿ ಕೂರಲು ಜಗುಲಿಯಿಲ್ಲ. ಪ್ರಯಾಣಿಕನಾದರೆ ಮೂರು ನಾಲ್ಕು ಗಂಟೆಗಳಲ್ಲಿ ಇಳಿದು ಹೋಗುತ್ತಾನೆ. ಇಳಿಯದೆ ಉಳಿಯುತ್ತಿದ್ದವರು ಗಗನಸಖಿಯರು. 1930ರ ಮೇ 15ರಂದು ಎಲೆನ್ ಚರ್ಚ್ ಎಂಬ ದಾದಿ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಸಂಸ್ಥೆಯ ವಿಮಾನದಲ್ಲಿ ಮೊದಲ ಗಗನಸಖಿಯಾಗಿ ಹಾರಿದರು. ಮೊದಮೊದಲು ಆ ಸಂಸ್ಥೆ ಈ ಕೆಲಸಕ್ಕೆ ದಾದಿಯರನ್ನೇ ಆರಿಸುತ್ತಿತ್ತು. ಇತರರ ಆರೋಗ್ಯ ನೋಡಿಕೊಳ್ಳಲೆಂದು ಬಂದ ಈ ವೃತ್ತಿಯವರ ಸ್ವಂತ ಆರೋಗ್ಯವನ್ನು ಕೇಳುವವರು ಬಹುಕಾಲ ಇರಲಿಲ್ಲ. ತಲೆನೋವು, ಕಣ್ಣುರಿ, ಬಿಡದ ಕೆಮ್ಮು ಎಂದು ಅವರು ಹೇಳಿಕೊಳ್ಳುತ್ತಲೇ ಇದ್ದರು.

ಅವರ ಮಾತಿಗೆ ಮೊದಲು ಬೆಲೆ ಬಂದದ್ದು ಸಿಗರೇಟಿನ ವಿಷಯದಲ್ಲಿ ಅಲ್ಲ, ಓಝೋನ್ ವಿಷಯದಲ್ಲಿ. 1976ರಲ್ಲಿ ಬೋಯಿಂಗ್ 747 ಎಸ್‌ಪಿ ಎಂಬ ಹೊಸ ವಿಮಾನ ಸೇವೆಗೆ ಬಂತು. ನ್ಯೂಯಾರ್ಕಿನಿಂದ ಟೋಕಿಯೋವರೆಗೆ ಎಲ್ಲಿಯೂ ಇಳಿಯದೆ, ಉತ್ತರ ಧ್ರುವದತ್ತ ಬಾಗಿದ ದಾರಿಯಲ್ಲಿ, ಹೆಚ್ಚು ಎತ್ತರದಲ್ಲಿ ಅದು ಹಾರುತ್ತಿತ್ತು. ಅದರೊಳಗಿನ ಸಿಬ್ಬಂದಿ ಮತ್ತು ಪ್ರಯಾಣಿಕರು ಒಣಕೆಮ್ಮು, ಎದೆನೋವು, ಕಣ್ಣುರಿಯೆಂದು ದೂರಿದರು. ಪರೀಕ್ಷಿಸಿದಾಗ ಕಾರಣ ಸ್ಪಷ್ಟವಾಯಿತು. ಚಳಿಗಾಲದ ಕೊನೆಯಲ್ಲಿ, ಆ ಅಕ್ಷಾಂಶಗಳಲ್ಲಿ, ಆ ಎತ್ತರದ ಗಾಳಿಯಲ್ಲಿ ಓಝೋನ್ ಅಧಿಕವಾಗಿರುತ್ತದೆ. ನೆಲದ ಮೇಲಿನ ಜೀವಿಗಳನ್ನು ಸೂರ್ಯನ ಅತಿನೇರಳೆ ಕಿರಣಗಳಿಂದ ಕಾಯುವ ಅದೇ ಓಝೋನ್, ಗಾಳಿಯೊಡನೆ ಶ್ವಾಸಕೋಶಕ್ಕೆ ಇಳಿದರೆ ವಿಷ. 1980ರಲ್ಲಿ ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತ ಕ್ಯಾಬಿನ್ನಿನಲ್ಲಿ ಓಝೋನ್ ಎಷ್ಟಿರಬಹುದೆಂಬ ಮಿತಿಯನ್ನು ಗೊತ್ತುಪಡಿಸಿತು. ಒಳಬರುವ ಗಾಳಿಯಲ್ಲಿನ ಓಝೋನನ್ನು ಸಾಮಾನ್ಯ ಆಮ್ಲಜನಕವಾಗಿ ಮಾರ್ಪಡಿಸುವ ವೇಗವರ್ಧಕ ಸಾಧನಗಳು ಬಂದವು. ಕಣ್ಣಿಗೆ ಕಾಣದ ಅನಿಲವನ್ನು ಮೊದಲು ಗುರುತಿಸಿದ್ದು ಯಾವ ಉಪಕರಣವೂ ಅಲ್ಲ, ದಿನವೂ ಅಲ್ಲಿ ದುಡಿಯುತ್ತಿದ್ದವರ ಎದೆ ಎಂಬುದನ್ನು ನಾವು ಮರೆಯಬಾರದು.

ಈಗ ಮೊಮ್ಮಗಳ ಆಷ್‌ಟ್ರೇಗೆ ಬರೋಣ. 1973ರ ಜುಲೈ 11ರಂದು ಬ್ರೆಜಿಲಿನ ವಾರಿಗ್ ಸಂಸ್ಥೆಯ ಬೋಯಿಂಗ್ 707 ವಿಮಾನ ರಿಯೋದಿಂದ ಪ್ಯಾರಿಸ್ಸಿಗೆ ಬರುತ್ತಿತ್ತು. ನಿಲ್ದಾಣ ಇನ್ನೇನು ಸಿಕ್ಕಿತೆನ್ನುವಾಗ ಹಿಂಬದಿಯ ಶೌಚಾಲಯದಲ್ಲಿ ಬೆಂಕಿ ಹೊತ್ತಿ ಕ್ಯಾಬಿನ್ ಹೊಗೆಯಿಂದ ತುಂಬಿತು. ಪೈಲಟ್ಟುಗಳು ಓರ್ಲಿ ನಿಲ್ದಾಣದ ಸಮೀಪದ ಹೊಲವೊಂದರಲ್ಲಿ ವಿಮಾನವನ್ನು ಇಳಿಸಿದರು. ಒಳಗಿದ್ದ 134 ಜನರಲ್ಲಿ 123 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಹೊಗೆ. ಕಸದ ಡಬ್ಬಿಗೆ ಯಾರೋ ಎಸೆದ ಸಿಗರೇಟಿನ ತುಂಡು ಕಾರಣವಾಗಿರಬಹುದೆಂಬ ಶಂಕೆ ಬಲವಾಗಿತ್ತು. ಇದಾದ ನಂತರ ಶೌಚಾಲಯದಲ್ಲಿ ಸೇದಬಾರದೆಂಬ ಫಲಕವೂ, ಬಾಗಿಲ ಬಳಿ ಆಷ್‌ಟ್ರೇಯೂ ಕಡ್ಡಾಯವಾದವು. ನಿಯಮ ಮುರಿಯುವವನೊಬ್ಬ ಇದ್ದೇ ಇರುತ್ತಾನೆ. ಅವನು ತುಂಡನ್ನು ಕಾಗದದ ಕಸಕ್ಕೆ ಎಸೆಯದಿರಲಿ ಎಂಬುದೇ ಅದರ ಉದ್ದೇಶ. ಕಾನೂನು ಮನುಷ್ಯ ಸ್ವಭಾವವನ್ನು ಬಲ್ಲದ್ದಾಗಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಬೆಂಕಿಯ ಭಯ ಹೀಗೆ ನಿಯಮವಾಯಿತು. ಉಸಿರಿನ ದೂರು ಮಾತ್ರ ದೂರಾಗಿಯೇ ಉಳಿಯಿತು. 1986ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು ವಿಮಾನದ ಕ್ಯಾಬಿನ್ನಿನ ಗಾಳಿಯ ಬಗ್ಗೆ ವಿಸ್ತಾರವಾದ ವರದಿ ಕೊಟ್ಟು, ದೇಶದೊಳಗಿನ ಎಲ್ಲ ವಿಮಾನಗಳಲ್ಲಿಯೂ ಧೂಮಪಾನ ನಿಲ್ಲಬೇಕೆಂದು ಶಿಫಾರಸು ಮಾಡಿತು. ಪರರ ಹೊಗೆ ಸೇದದವನಿಗೂ ರೋಗ ತರುತ್ತದೆಂದು ಸರ್ಜನ್ ಜನರಲ್ ಎವರೆಟ್ ಕೂಪ್ ಅವರ ವರದಿ ಸಾರಿದ್ದೂ ಅದೇ ವರ್ಷ. ಮರುವರ್ಷ ಜುಲೈನಲ್ಲಿ ರಿಚರ್ಡ್ ಡರ್ಬಿನ್ ಎಂಬ ಸದಸ್ಯರು ಎರಡು ಗಂಟೆಯೊಳಗಿನ ಪ್ರಯಾಣಗಳಲ್ಲಿ ಧೂಮಪಾನ ನಿಷೇಧಿಸುವ ತಿದ್ದುಪಡಿಯನ್ನು ಪ್ರತಿನಿಧಿಗಳ ಸಭೆಯ ಮುಂದಿಟ್ಟರು. ಅವರು ಹದಿನಾಲ್ಕು ವರ್ಷದ ಹುಡುಗನಾಗಿದ್ದಾಗ ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ತಿದ್ದುಪಡಿ 198ಕ್ಕೆ 193 ಮತಗಳಿಂದ, ಎಂದರೆ ಕೇವಲ ಐದು ಮತಗಳ ಅಂತರದಿಂದ, ಗೆದ್ದಿತು. ಸೆನೆಟ್ಟಿನಲ್ಲಿ ಫ್ರಾಂಕ್ ಲಾಟನ್‌ಬರ್ಗ್ ಅದನ್ನು ಮುನ್ನಡೆಸಿದರು. 1988ರ ಏಪ್ರಿಲ್ 23ರಂದು ನಿಷೇಧ ಜಾರಿಗೆ ಬಂತು. 1990ರ ಫೆಬ್ರುವರಿಯಲ್ಲಿ ಅದು ಆರು ಗಂಟೆಯೊಳಗಿನ ಪ್ರಯಾಣಗಳಿಗೂ, 2000ದಲ್ಲಿ ಅಮೆರಿಕಕ್ಕೆ ಬಂದುಹೋಗುವ ಎಲ್ಲ ವಿಮಾನಗಳಿಗೂ ವ್ಯಾಪಿಸಿತು.

ಆದರೆ ಅಷ್ಟರೊಳಗೆ ಹೊಗೆ ಕುಡಿದಾಗಿದ್ದವರ ಗತಿ? ಎಂದೂ ಸಿಗರೇಟು ಮುಟ್ಟದ ನಾರ್ಮಾ ಬ್ರಾಯಿನ್ ಎಂಬ ಗಗನಸಖಿಗೆ 1989ರಲ್ಲಿ, ಮೂವತ್ತೆರಡರ ಹರೆಯದಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಯಿತು. 1991ರಲ್ಲಿ ಆಕೆ ಮತ್ತು ಸಂಗಡಿಗರು ಮಯಾಮಿಯ ನ್ಯಾಯಾಲಯದಲ್ಲಿ ಸಿಗರೇಟು ಕಂಪನಿಗಳ ವಿರುದ್ಧ ಮೊಕದ್ದಮೆ ಹೂಡಿದರು. ಸುಮಾರು ಅರವತ್ತು ಸಾವಿರ ಗಗನಸಖಿಯರು ಮತ್ತು ಪರಿಚಾರಕರ ಪರವಾಗಿ ವಾದಿಸಿದವರು ಸ್ಟ್ಯಾನ್ಲಿ ಮತ್ತು ಸೂಸನ್ ರೋಸನ್‌ಬ್ಲಾಟ್ ಎಂಬ ವಕೀಲ ದಂಪತಿ. 1997ರ ಅಕ್ಟೋಬರಿನಲ್ಲಿ, ವಿಚಾರಣೆ ನಡೆಯುತ್ತಿದ್ದಂತೆಯೇ, ಕಂಪನಿಗಳು ರಾಜಿಗೆ ಬಂದವು. ಹೊಗೆಯಿಂದ ಬರುವ ರೋಗಗಳ ಸಂಶೋಧನೆಗಾಗಿ ಅವು 30 ಕೋಟಿ ಡಾಲರುಗಳನ್ನು ತೆತ್ತವು. ರಾಜಿಯಲ್ಲಿ ಗಗನಸಖಿಯರ ಕೈಗೆ ನೇರ ಪರಿಹಾರವೆಂದು ಏನೂ ಬರಲಿಲ್ಲ. ಬೇಕಾದವರು ಪ್ರತ್ಯೇಕವಾಗಿ ದಾವೆ ಹೂಡಬಹುದಿತ್ತು, ಅಷ್ಟೆ. ಹಣ ಸಂಶೋಧನಾ ಸಂಸ್ಥೆಯೊಂದಕ್ಕೆ ಹೋಯಿತು. ಇದನ್ನು ಗೆಲುವೆನ್ನಬೇಕೋ ಸೋಲೆನ್ನಬೇಕೋ ಓದುಗರೇ ತೀರ್ಮಾನಿಸಲಿ.

ಹೊಗೆ ಹೋದ ಮೇಲೆ ಗಾಳಿಯ ಸಮಸ್ಯೆ ಮುಗಿಯಿತೇ? ಇಲ್ಲ, ರೂಪ ಬದಲಿಸಿತು. ಎಂಜಿನ್ನಿನಿಂದ ಗಾಳಿ ತೆಗೆದಷ್ಟೂ ಇಂಧನ ಹೆಚ್ಚು ಬೇಕು. 1970ರ ದಶಕದಲ್ಲಿ ತೈಲದ ಬೆಲೆ ಏರಿದ ಮೇಲೆ ಬಂದ ವಿಮಾನಗಳು ಸುಮಾರು ಅರ್ಧದಷ್ಟು ಹೊಸ ಗಾಳಿಯನ್ನು ತಂದು, ಉಳಿದರ್ಧಕ್ಕೆ ಒಳಗಿನ ಗಾಳಿಯನ್ನೇ ಸೋಸಿ ಮತ್ತೆ ಬಳಸತೊಡಗಿದವು. ಈಗಿನ ದೊಡ್ಡ ವಿಮಾನಗಳಲ್ಲಿರುವ ಹೆಪಾ ಎಂಬ ಶೋಧಕ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡ 99.97ರಷ್ಟನ್ನು ತಡೆಯುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಗಂಟೆಗೆ ಇಪ್ಪತ್ತರಿಂದ ಮೂವತ್ತು ಸಲ ಕ್ಯಾಬಿನ್ನಿನ ಗಾಳಿ ಬದಲಾಗುತ್ತದೆ. ನಮ್ಮ ಯಾವ ತರಗತಿ ಕೊಠಡಿಗೂ ಈ ಭಾಗ್ಯವಿಲ್ಲ.

ಆದರೆ ಯಂತ್ರ ಓಡುತ್ತಿದ್ದರೆ ಮಾತ್ರ ಈ ಭಾಗ್ಯ. 1977ರಲ್ಲಿ ಅಲಾಸ್ಕದಲ್ಲಿ 54 ಜನರಿದ್ದ ಜೆಟ್ ವಿಮಾನವೊಂದು ಎಂಜಿನ್ ಕೆಟ್ಟು ಮೂರು ಗಂಟೆ ನೆಲದ ಮೇಲೆಯೇ ನಿಂತಿತು. ಗಾಳಿಯ ವ್ಯವಸ್ಥೆ ನಿಂತಿತ್ತು. ಒಳಗೆ ಒಬ್ಬರಿಗೆ ಫ್ಲೂ ಜ್ವರವಿತ್ತು. ಮೂರು ದಿನಗಳೊಳಗೆ ಪ್ರಯಾಣಿಕರಲ್ಲಿ ಶೇಕಡ 72ರಷ್ಟು ಮಂದಿ ಕಾಯಿಲೆ ಬಿದ್ದರು. ಇನ್ನು, ಪಕ್ಕದವನ ಕೆಮ್ಮು ನಮ್ಮನ್ನು ತಲುಪಿದ ಮೇಲಷ್ಟೇ ಶೋಧಕವನ್ನು ತಲುಪುತ್ತದೆ. 2003ರ ಮಾರ್ಚಿನಲ್ಲಿ ಹಾಂಗ್‌ಕಾಂಗಿನಿಂದ ಬೀಜಿಂಗಿಗೆ ಹೋದ ವಿಮಾನವೊಂದರಲ್ಲಿ ಒಬ್ಬ ರೋಗಿಯಿಂದ 22 ಜನರಿಗೆ ಸಾರ್ಸ್ ತಗಲಿದ್ದು ಇದಕ್ಕೆ ಸಾಕ್ಷಿ. 2020ರ ಕೊರೋನಾ ಕಾಲದಲ್ಲಿ ವಿಮಾನದೊಳಗೂ ಮಾಸ್ಕ್ ಬೇಕಾದದ್ದು ಈ ಕಾರಣದಿಂದಲೇ.

ಮತ್ತೊಂದು ದೂರು ಇನ್ನೂ ಮುಗಿದಿಲ್ಲ. ಎಂಜಿನ್ನಿನ ತೈಲ ಎಲ್ಲಿಯಾದರೂ ಸೋರಿದರೆ ಅದರ ಆವಿ ಉಸಿರಾಡುವ ಗಾಳಿಯೊಡನೆ ಬೆರೆಯಬಹುದು. ಹೆಪಾ ಶೋಧಕ ಕಣಗಳನ್ನು ಹಿಡಿಯುತ್ತದೆಯೇ ಹೊರತು ಆವಿಯನ್ನಲ್ಲ. ಇದರ ಬಗ್ಗೆ ಸಿಬ್ಬಂದಿಯ ದೂರುಗಳನ್ನು ಆಸ್ಟ್ರೇಲಿಯದ ಸೆನೆಟ್ ವಿಚಾರಿಸಿ 2000ದಲ್ಲಿ ವರದಿ ಕೊಟ್ಟಿತು. ದೀರ್ಘಕಾಲದ ಹಾನಿ ಎಷ್ಟೆಂಬುದರ ಬಗ್ಗೆ ತಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ. 2011ರಲ್ಲಿ ಸೇವೆಗೆ ಬಂದ ಬೋಯಿಂಗ್ 787 ಮಾತ್ರ ಎಂಜಿನ್ನಿನಿಂದ ಗಾಳಿ ತೆಗೆಯುವುದನ್ನೇ ಬಿಟ್ಟು, ವಿದ್ಯುತ್ ಯಂತ್ರಗಳಿಂದ ಹೊರಗಿನ ಗಾಳಿಯನ್ನು ನೇರವಾಗಿ ಒತ್ತಿ ಒಳತರುತ್ತದೆ.

ಓಝೋನ್, ಹೊಗೆ, ತೈಲದ ಆವಿ: ಮೂರರಲ್ಲಿಯೂ ದೂರು ಮೊದಲು ಬಂದದ್ದು ಅಲ್ಲಿ ದುಡಿಯುವವರಿಂದ, ಪುರಾವೆ ಬಂದದ್ದು ಆಮೇಲೆ. "ನನಗೆ ಉಸಿರು ಕಟ್ಟುತ್ತದೆ" ಎಂದು ಒಬ್ಬರು ಹೇಳಿದಾಗ, ಅದು ಪುರಾವೆಯಲ್ಲದಿರಬಹುದು. ಆದರೆ ಪುರಾವೆ ಹುಡುಕಲು ಸಾಕಾದ ಕಾರಣ ಖಂಡಿತ ಹೌದು. ವಿಜ್ಞಾನದ ಮೇಷ್ಟರಾಗಿ ನಾನು ಮಕ್ಕಳಿಗೆ ಇದನ್ನು ಹೇಳಿಕೊಡಬೇಕಿತ್ತು.

ನಮ್ಮ ದೇಶದಲ್ಲಿ 2003ರ ತಂಬಾಕು ಕಾಯಿದೆಯೂ, 2008ರ ಅಕ್ಟೋಬರ್ 2ರಿಂದ ಜಾರಿಯಾದ ನಿಯಮಗಳೂ ಶಾಲೆಯೂ ಸೇರಿದಂತೆ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿದವು. ನಾನು ಸಿಗರೇಟು ಬಿಟ್ಟದ್ದು ಅದಕ್ಕಿಂತ ಮುಂಚೆ, 1996ರಲ್ಲಿ. ವೈದ್ಯರು ನನ್ನ ಎದೆಯ ಚಿತ್ರ ನೋಡಿ ಹೆದರಿಸಿದ ಮೇಲೆ. ಎಂದರೆ, ನನ್ನ ಉಸಿರಿಗಾಗಿ ಬಿಟ್ಟೆ. ಹಿಂದಿ ಮೇಡಂ ಆ ವೇಳೆಗೆ ವರ್ಗವಾಗಿ ಹೋಗಿದ್ದರು. ಅವರು ಹೋಗುವವರೆಗೂ, ಮಳೆಗಾಲದಲ್ಲಿಯೂ, ಜಗುಲಿಯಲ್ಲಿಯೇ ಕೂತು ಪುಸ್ತಕ ತಿದ್ದುತ್ತಿದ್ದರು. ಮೊಮ್ಮಗಳಿಗೆ ಆಷ್‌ಟ್ರೇಯ ಕಾರಣವನ್ನು ಫೋನಿನಲ್ಲಿ ವಿವರಿಸಿದೆ. ಈ ಭಾಗವನ್ನು ಹೇಳಲಾಗಲಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇನೆ.